ಆಟ ಬಿಟ್ಟ ಮೇಲೆ ಕರಿಕೋಟು: ಅನುಭವ ಇದ್ದವರು ಹೇಳಿ

ಪ್ರಶ್ನೆ (ಗುಬ್ಬಿಯಿಂದ): ನನಗೆ 29 ವರ್ಷ. ಯೂನಿವರ್ಸಿಟಿ ತಂಡಕ್ಕೆ ವಾಲಿಬಾಲ್ ಆಡಿದ್ದೆ. ಮೊಣಕಾಲಿನ ಆಪರೇಷನ್ ಆದ ಮೇಲೆ ಆಟ ನಿಂತಿತು. ಈಗ ಶಾಲೆಯಲ್ಲಿ ಪಿ.ಟಿ. ಮೇಡಂ. ಒಲಿಂಪಿಕ್ಸ್‌ನಲ್ಲಿ ವಾಲಿಬಾಲ್ ಆಡಿದವರೊಬ್ಬರು ಆಮೇಲೆ ವಕೀಲರಾದರು ಅಂತ ಓದಿದ ದಿನದಿಂದ ಅದೇ ತಲೆಯಲ್ಲಿ ಕೂತಿದೆ. ತುಮಕೂರಿನಲ್ಲಿ ಎಲ್‌ಎಲ್‌ಬಿ ಸೇರಲಾ? ಮನೆಯಲ್ಲಿ ‘ಇದು ಓದೋ ವಯಸ್ಸಾ?’ ಅನ್ನುತ್ತಾರೆ.

ಉತ್ತರ (ತುಮಕೂರಿನ ವಕೀಲೆ): ಸೇರು ತಂಗಿ. ನಾನು ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಪಡೆದಾಗ ನನಗೆ 34.

ನಿನ್ನ ಡಿಗ್ರಿ ಆಗಿರುವುದರಿಂದ 3 ವರ್ಷದ ಕೋರ್ಸ್ ಸಾಕು. ಜನರಲ್ ಆದರೆ ಡಿಗ್ರಿಯಲ್ಲಿ 45% ಇರಬೇಕು. ಕ್ಲಾಸಿಗೆ 70% ಹಾಜರಿ ಕಡ್ಡಾಯ, ಶಾಲೆಯವರ ಹತ್ತಿರ ಈಗಲೇ ಮಾತಾಡಿಕೋ. ಮನೆಯಲ್ಲೇ ಕೂತು ಓದುವ ಎಲ್‌ಎಲ್‌ಬಿ ಇದೆ ಅಂತ ಯಾರಾದರೂ ಹೇಳಿದರೆ ದುಡ್ಡು ಕಟ್ಟಬೇಡ. ಅದಕ್ಕೆ ಸನ್ನದು ಸಿಗುವುದಿಲ್ಲ. ಕೊನೆಗೆ ಅಖಿಲ ಭಾರತ ಬಾರ್ ಪರೀಕ್ಷೆಯೂ ಪಾಸಾಗಬೇಕು. ವಕೀಲರಾಗಿ ಹೆಸರು ನೋಂದಾಯಿಸುವ ಶುಲ್ಕ ಮೊದಲೆಲ್ಲ ಸಾವಿರಗಟ್ಟಲೆ ಇತ್ತು. 750 ರೂಪಾಯಿಗಿಂತ ಜಾಸ್ತಿ ತೆಗೆದುಕೊಳ್ಳಬಾರದು ಅಂತ ಸುಪ್ರೀಂ ಕೋರ್ಟ್ 2024ರ ಜುಲೈನಲ್ಲಿ ಹೇಳಿದೆ. ಎಸ್‌ಸಿ, ಎಸ್‌ಟಿಯವರಿಗೆ 125.

ಕಷ್ಟ ಶುರುವಾಗುವುದು ಆಮೇಲೆ. ಮೊದಲ ವರ್ಷ ನನಗೆ ಪೆಟ್ರೋಲ್ ಖರ್ಚೂ ಹುಟ್ಟಲಿಲ್ಲ. ವಾಯಿದೆ (ಕೇಸಿನ ಮುಂದಿನ ತಾರೀಖು) ಬರೆದುಕೊಳ್ಳುವುದು, ನಕಲು ಅರ್ಜಿ ಹಾಕುವುದು, ಫೈಲ್ ಹೊರುವುದು. ವಾದ ಸೀನಿಯರ್‌ದು. ಆದರೆ ನಾನು ತಂಡದಲ್ಲಿ ಲಿಫ್ಟರ್ ಆಗಿದ್ದವಳು. ಚೆಂಡು ಎತ್ತಿಕೊಡುವುದು ನಾವು, ಚಪ್ಪಾಳೆ ಸ್ಮ್ಯಾಷ್ ಹೊಡೆದವರಿಗೆ. ಅದು ರೂಢಿಯಾಗಿತ್ತು, ತಡೆದುಕೊಂಡೆ. ನೀನು ಒಂದು ವರ್ಷದ ಮನೆ ಖರ್ಚು ಕೂಡಿಟ್ಟುಕೊಂಡೇ ಕೆಲಸ ಬಿಡು.

ಮೊದಲ ಪಾಟೀಸವಾಲು (ಎದುರು ಕಡೆಯ ಸಾಕ್ಷಿಗೆ ಪ್ರಶ್ನೆ ಹಾಕುವುದು) ಒಂದು ಚೆಕ್ ಬೌನ್ಸ್ ಕೇಸಿನಲ್ಲಿ. ಸಾಕ್ಷಿ ಕಟಕಟೆ ಹತ್ತಿದರು, ನನ್ನ ಬಾಯಿ ಒಣಗಿತು. ಸೀಟಿ ಊದಿದ ಮೇಲೆ ಸರ್ವ್ ಮಾಡಲು 8 ಸೆಕೆಂಡ್ ಇರುತ್ತೆ ಅಲ್ವಾ? ಆಗ ನಾನು ಚೆಂಡನ್ನು ಮೂರು ಸಲ ಪುಟಿಸಿ, ಉಸಿರು ಬಿಟ್ಟು ಹೊಡೆಯುತ್ತಿದ್ದೆ. ಅವತ್ತು ಪೆನ್ನಿನ ತುದಿಯನ್ನು ಫೈಲಿನ ಮೇಲೆ ಮೂರು ಸಲ ತಟ್ಟಿದೆ. ‘ಚೆಕ್ಕಿನ ಮೇಲಿನ ತಾರೀಖು ಯಾರ ಕೈಬರಹ?’ ಅಂತ ಕೇಳಿದೆ. ದನಿ ನಡುಗಲಿಲ್ಲ.

ಉತ್ತರ (ತಿಪಟೂರು): ಒಂದು ಮಾತು ಸೇರಿಸುತ್ತೇನೆ. ಸಂಬಳದ ಫುಲ್‌ಟೈಮ್ ಕೆಲಸ ಇಟ್ಟುಕೊಂಡು ವಕೀಲಿಕೆ ಮಾಡುವಂತಿಲ್ಲ. ನನ್ನ ತಮ್ಮ ಸ್ಪೋರ್ಟ್ಸ್ ಕೋಟಾದ ಕೆಲಸದಲ್ಲಿದ್ದಾನೆ, ಎಲ್‌ಎಲ್‌ಬಿ ಮುಗಿದ ಮೇಲೆ ಇದು ಗೊತ್ತಾಯಿತು. ಕೆಲಸ ಬಿಡಲೂ ಆಗದೆ, ಕೋರ್ಟಿಗೆ ಹೋಗಲೂ ಆಗದೆ ಕೂತಿದ್ದಾನೆ.

ಉತ್ತರ (ಶಿರಾ): ಅಕ್ಕ, ಆಟ ಗೊತ್ತಿರುವ ವಕೀಲರು ನಮಗೆ ಬೇಕು. 2014ರಲ್ಲಿ ಓಟಗಾರ್ತಿ ದ್ಯುತಿ ಚಂದ್ ಅವರನ್ನು ಹಾರ್ಮೋನ್ ಕಾರಣ ಕೊಟ್ಟು ಹೊರಗಿಟ್ಟರು. ಅವರು ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಮಂಡಳಿಗೆ ಹೋದರು, 2015ರಲ್ಲಿ ಆ ನಿಯಮಕ್ಕೇ ತಡೆ ಬಿತ್ತು. ನಮ್ಮ ಕಡೆ ಹುಡುಗರು ಯಾವುದೋ ಸಿರಪ್ ಕುಡಿದು ಡೋಪಿಂಗ್ ಟೆಸ್ಟಿನಲ್ಲಿ ಸಿಕ್ಕಿಬಿದ್ದರೆ ಆ ನೋಟಿಸ್ ಓದಿ ಹೇಳುವವರೂ ಹತ್ತಿರದಲ್ಲಿಲ್ಲ. ದಯವಿಟ್ಟು ಓದಿ.

ಗುಬ್ಬಿಯಿಂದ ಮತ್ತೆ: ನನ್ನದು 52% ಇದೆ ಅಕ್ಕ. ಸೋಮವಾರ ರಜೆ ಹಾಕಿ, ಅಂಕಪಟ್ಟಿ ಹಿಡಿದು ತುಮಕೂರಿಗೆ ಬರುತ್ತೇನೆ.