ಪದ ಬೇಕು (ತುರ್ತು): ಕಾರಿನ ಬಣ್ಣದ ಮೇಲಿನ ಸ್ವರ್ಲ್ ಮಾರ್ಕ್

ಬಳಗದ ಎಲ್ಲರಿಗೂ ನಮಸ್ಕಾರ.

ಇಲ್ಲಿನ ಒಂದು ಕಾರ್ ಡೀಟೇಲಿಂಗ್ (ಕಾರು ತೊಳೆದು ಹೊಳಪು ಕೊಡುವ) ಅಂಗಡಿಯ ದರಪಟ್ಟಿ ಕನ್ನಡಕ್ಕೆ ತರಬೇಕಾಗಿದೆ. ಬೋರ್ಡ್ ಬರೆಯುವವರು ನಾಳೆ ಸಂಜೆ ಬರುತ್ತಾರೆ. ಬೋರ್ಡಿನಲ್ಲಿ 60 ಪ್ರತಿಶತ ಕನ್ನಡ ಇರಬೇಕು ಅಂತ ಕಾಯ್ದೆ ಇದೆ, ಆದರೆ ಇಂಗ್ಲಿಷ್ ಪದಗಳನ್ನೇ ಕನ್ನಡ ಅಕ್ಷರದಲ್ಲಿ ಬರೆದು ಕೈತೊಳೆದುಕೊಳ್ಳಲು ಮಾಲೀಕರಿಗೆ ಮನಸ್ಸಿಲ್ಲ. ಗಿರಾಕಿ ಓದಿದ ಕೂಡಲೇ ತಿಳಿಯಬೇಕಂತೆ.

ಬೇಕಾದ ಪದ ನಾಲ್ಕು: ಸ್ವರ್ಲ್ ಮಾರ್ಕ್ (ಬಿಸಿಲಲ್ಲಿ ಬಾನೆಟ್ ಮೇಲೆ ಜೇಡರಬಲೆಯಂತೆ ಕಾಣುವ ಸಣ್ಣ ಗೀರುಗಳು), ಕಾಂಪೌಂಡ್ (ಗೀರಿನ ಮೇಲೆ ಉಜ್ಜುವ ಪೇಸ್ಟ್), ಪಾಲಿಶ್, ವ್ಯಾಕ್ಸ್. ಈಗ ಕಡೆಯ ಮೂರಕ್ಕೂ ಜನ ‘ಪಾಲಿಶ್’ ಅಂತಲೇ ಅನ್ನುತ್ತಾರೆ. ವ್ಯಾಕ್ಸಿಗೆ ದುಡ್ಡು ಕೊಟ್ಟವರು ‘ಗೀರು ಹೋಗೇ ಇಲ್ಲ’ ಅಂತ ಜಗಳಕ್ಕೆ ನಿಲ್ಲುತ್ತಾರೆ.

– ಬೆಳಗಾವಿ

---

ಸುಳಿಗೀರು. ಇದರಲ್ಲಿ ಚರ್ಚೆ ಮಾಡುವಂತದ್ದು ಏನಿದೆ?

ಪಾಲಿಶ್‌ಗೆ ‘ಒಪ್ಪ’. ಹಳಗನ್ನಡದಲ್ಲಿ ಒಡವೆಗೆ ಒಪ್ಪವಿಡುತ್ತಿದ್ದರು. ‘ಒಪ್ಪು’ ಎಂಬ ಎಸಕಪದದಿಂದ (ನೀವೆನ್ನುವ ಕ್ರಿಯಾಪದ) ಬಂದ ಅಚ್ಚಗನ್ನಡ ಪದ. ಒಪ್ಪ-ಓರಣ ಎಂದು ಇವತ್ತಿಗೂ ಆಡುತ್ತೇವೆ. ಮನೆಯಲ್ಲಿ ಇರುವುದನ್ನು ಬಿಟ್ಟು ಎರವಲಿಗೆ ಕೈಚಾಚುವ ಚಟ ಯಾವಾಗ ಹೋಗುತ್ತದೋ. ಕಾಂಪೌಂಡ್‌ಗೆ ‘ಉಜ್ಜೊಪ್ಪ’, ವ್ಯಾಕ್ಸ್‌ಗೆ ‘ಮೇಣೊಪ್ಪ’.

– ವಿಜಯಪುರ

---

> ಸುಳಿಗೀರು. ಇದರಲ್ಲಿ ಚರ್ಚೆ ಮಾಡುವಂತದ್ದು ಏನಿದೆ?

ಐತಿ ನೋಡ್ರಿ. ಅಲ್ಲಿ ಸುಳಿನ ಇಲ್ಲ. ಗೀರು ಎಲ್ಲಾ ದಿಕ್ಕಿಗೂ ಅಡ್ಡಾದಿಡ್ಡಿ ಬಿದ್ದಿರ್ತಾವು. ಬೆಳಕಿಗೆ ಅಡ್ಡ ಇದ್ದವು ಅಷ್ಟ ಮಿಂಚಿ ಕಣ್ಣಿಗೆ ಬೀಳ್ತಾವು, ಅದಕ್ಕ ಬಲ್ಬಿನ ಸುತ್ತ ಉಂಗುರ ಕಟ್ಟಿದಂಗ ಕಾಣ್ತೈತಿ. ಟಾರ್ಚ್ ಸರಿಸಿ ನೋಡ್ರಿ, ಉಂಗುರಾನೂ ಬೆನ್ನತ್ತಿ ಸರೀತೈತಿ.

‘ಸುಳಿ’ ಅಂತ ಬರೆದ್ರ ಗಿರಾಕಿ ‘ನಿಮ್ಮ ಮಶೀನ್ ತಿರುಗಿದ್ದಕ್ಕ ಬಿದ್ದೈತಿ’ ಅಂತಾನ. ಮಶೀನಿನ ಗುರುತು ಬ್ಯಾರೆ. ರೋಟರಿ ಮಶೀನ್ (ಒಂದ ಅಚ್ಚಿನ ಮ್ಯಾಲ ಗರಗರ ತಿರುಗೂದು) ಒರಟು ಪ್ಯಾಡ್ ಹಾಕಿ ಓಡಿಸಿ ಹಂಗ ಬಿಟ್ರ, ಬಿಸಿಲಿಗೆ ಪಟ್ಟಿ ಪಟ್ಟಿ ಮಂಜು ನಡದಾಡಿದಂಗ ಕಾಣ್ತೈತಿ. ಅದಕ್ಕ ಹಾಲೋಗ್ರಾಮ್ ಅಂತಾರ. ನೀವು ಕೇಳಿದ ಸಣ್ಣ ಗೀರು ಬೀಳೋದು ಒಣ ಬಟ್ಟಿಯಿಂದ ದೂಳ ಒರೆಸಿದ್ದಕ್ಕ. ನಮ್ಮ ಕಡೆ ಇಳಕಲ್ ಗ್ರಾನೈಟ್ ದೂಳು. ಅದರಾಗಿನ ಕ್ವಾರ್ಟ್ಜ್ (ಬೆಣಚುಕಲ್ಲು) ಕ್ಲಿಯರ್‌ಕೋಟ್‌ಗಿಂತ, ಅಂದ್ರ ಬಣ್ಣದ ಮ್ಯಾಲಿನ ಪಾರದರ್ಶಕ ಪದರಕ್ಕಿಂತ, ಎಷ್ಟೋ ಗಟ್ಟಿ. ಒಂದ ಬಕೆಟ್‌ನ್ಯಾಗ ಬಟ್ಟಿ ಮತ್ತ ಮತ್ತ ಅದ್ದಿ ತೊಳೆದ್ರೂ ಅದ ಹಣೆಬರಹ.

‘ಕೂದಲಗೀರು’ ಅಂತ ಬರೀರಿ. ಆಳಾನೂ ತಿಳೀತೈತಿ.

– ಬಾಗಲಕೋಟೆ

---

ಕೂದಲಗೀರು ಹಿಡಿಸಿತು. ಉಳಿದ ಮೂರು? ಕಾಂಪೌಂಡಿಗೂ ಪಾಲಿಶಿಗೂ ಕೆಲಸದಲ್ಲಿ ಇರುವ ಫರಕು ಹೇಳಿದರೆ ಪದ ತಾನೇ ಸಿಗಬಹುದು.

– ಬೆಳಗಾವಿ

---

ಕಾಂಪೌಂಡ್ ತಿನ್ನೋದು, ಪಾಲಿಶ್ ನುಣುಪು ಮಾಡೋದು, ವ್ಯಾಕ್ಸ್ ಮುಚ್ಚೋದು. ಮೊದಲಿನ ಎರಡೂ ಕ್ಲಿಯರ್‌ಕೋಟ್ ಸವೆಸ್ತಾವು, ಮೂರನೇದು ಏನೂ ಸವೆಸಂಗಿಲ್ಲ. ಕ್ಲಿಯರ್‌ಕೋಟ್ ಇರೋದ ಸುಮಾರು 40–50 ಮೈಕ್ರಾನ್, ಕೂದಲಿಗಿಂತ ತೆಳು. ಹಂಗಾಗಿ ಅಂಚು, ಬಾಡಿ ಗೆರಿ, ಹಿಡಿಕಿ ಸುತ್ತ ಟೇಪ್ ಹಚ್ಚಲೇಬೇಕು. ಅಲ್ಲಿ ಪದರ ಇನ್ನೂ ತೆಳು, ಮಶೀನ್ ಸ್ವಲ್ಪ ಹೆಚ್ಚಿಗಿ ನಿಂತ್ರ ಬಣ್ಣ ಕಿತ್ತು ಕೆಳಗಿನ ಪ್ರೈಮರ್ ಪದರ ಕಾಣ್ತೈತಿ. ಟೇಪ್ ಹಚ್ಚದಿದ್ರ ಕರೀ ಪ್ಲಾಸ್ಟಿಕ್‌ನ ಒರಟಿನ್ಯಾಗ ಪೇಸ್ಟ್ ಕುಂತು ಬೆಳ್ಳಗ ಒಣಗ್ತೈತಿ, ಆಮ್ಯಾಲ ಬ್ರಶ್ ಹಾಕಿದ್ರೂ ಬಿಡಂಗಿಲ್ಲ.

ಕ್ರಮ ಹಿಂಗ: ಎರಡು ಬಕೆಟ್ (ಒಂದು ಶಾಂಪೂಗೆ, ಒಂದು ಬಟ್ಟಿ ಜಾಲಿಸಾಕ) ಇಟ್ಟು ತೊಳಿ. ಕ್ಲೇ ಬಾರ್ (ಜೇಡಿಮಣ್ಣಿನಂಥ ಮೆತ್ತನ್ನ ಮುದ್ದಿ) ಆಡಿಸಿ ಅಂಟಿದ ಕಣ ಎತ್ತು. ಇದನ್ನ ಬಿಟ್ರ ಅದ ಕಣ ಪ್ಯಾಡಿಗೆ ಸಿಕ್ಕು ಹೊಸಾ ಗೀರು ಹಾಕ್ತೈತಿ. ಆಮ್ಯಾಲ ಬಾನೆಟ್ ಮ್ಯಾಲ ಎರಡಡಿ ಉದ್ದ, ಎರಡಡಿ ಅಗಲ ಜಾಗದಾಗ ಮೊದಲು ಮೆತ್ತನ್ನ ಫೋಮ್ ಪ್ಯಾಡ್, ನಯ ಪಾಲಿಶ್. ಗೀರು ಹೋದ್ರ ಇಡೀ ಗಾಡಿಗೆ ಅಷ್ಟ ಸಾಕು. ಹೋಗದಿದ್ರ ಅದ ಪಾಲಿಶ್‌ಗೆ ಗಟ್ಟಿ ಪ್ಯಾಡ್. ಆಗೂ ನಿಂತ್ರ ಕಾಂಪೌಂಡ್. ಕಾಂಪೌಂಡಿನಿಂದ ಶುರು ಮಾಡಬಾರ್ದು, ತಿಂದ ಪದರ ತಿರುಗಿ ಬರಂಗಿಲ್ಲ. ಪ್ಯಾಡಿನ ಬಣ್ಣ ನಂಬಬ್ಯಾಡ್ರಿ, ಒಂದ ಕಂಪನಿಯ ಕಿತ್ತಳೆ ಇನ್ನೊಂದರ ಕಿತ್ತಳೆಯಷ್ಟ ಗಟ್ಟಿ ಇರಂಗಿಲ್ಲ.

ಡಿಎ ಮಶೀನ್ (ಡ್ಯುಯಲ್ ಆ್ಯಕ್ಷನ್, ತಿರುಗ್ತಾ ಓಲಾಡೂದು), 5 ಇಂಚ್ ಪ್ಯಾಡ್ ಇದ್ರ ಬಟಾಣಿಯಷ್ಟು ನಾಕೈದು ಹನಿ. ನಿಧಾನ ವೇಗದಾಗ ಹರಡಿ, ಆಮ್ಯಾಲ ಆರಂಕಿಯ ಡಯಲ್ ಇದ್ರ 4–5ಕ್ಕ ಏರಿಸು. ಉದ್ದಕ್ಕ, ಅಡ್ಡಕ್ಕ, ಅರ್ಧ ಅರ್ಧ ಮ್ಯಾಲ ಬರೂ ಹಂಗ ನಾಕರಿಂದ ಆರು ಸುತ್ತು. ಕೈ ಸೆಕೆಂಡಿಗೆ ಒಂದೆರಡು ಇಂಚು ಅಷ್ಟ ಸರೀಬೇಕು. ಮಶೀನ್ ವೇಗದಾಗೈತಿ ಅಂತ ಕೈನೂ ಓಡಿಸಿದ್ರ ಗೀರು ಹಂಗ ಉಳೀತಾವು, ಎಲ್ಲಾರೂ ತಪ್ಪೋದ ಇಲ್ಲಿ. ಪ್ರತಿ ಜಾಗ ಮುಗಿದ ಮ್ಯಾಲ ಪ್ಯಾಡಿಗೆ ಬ್ರಶ್. ತುಂಬಿದ ಪ್ಯಾಡ್ ಬಿಸಿಯಾಗಿ ಮಬ್ಬು ಎಬ್ಬಿಸ್ತೈತಿ. ಬಿಸಿಲಾಗ ಬ್ಯಾಡ, ಪೇಸ್ಟ್ ಒಣಗಿ ಪುಡಿ ಆಕ್ಕೈತಿ.

ಮುಗಿದ ಮ್ಯಾಲ ಐಸೊಪ್ರೊಪೈಲ್ ಆಲ್ಕೋಹಾಲ್ ಒಂದು ಪಾಲು, ನೀರು ನಾಕು ಪಾಲು ಬೆರೆಸಿ ಒರೆಸ್ರಿ. ಪಾಲಿಶಿನ ಎಣ್ಣಿ ಗೀರಿನ್ಯಾಗ ತುಂಬಿ ಸುಳ್ಳು ಹೊಳಪು ಕೊಟ್ಟಿರ್ತೈತಿ. ‘ಗ್ಲೇಜ್’ ಅಂತ ಮಾರೂ ಮಾಲು ಬರೇ ಇದನ್ನ ಮಾಡ್ತೈತಿ, ನಾಕು ಸಲ ತೊಳೆದ್ರ ಗೀರು ಮತ್ತ ಹಾಜರು.

ಅದಕ್ಕ ಬೋರ್ಡಿನ್ಯಾಗ ‘ತೆಗೆಯೋದು’ ಬ್ಯಾರೆ, ‘ಮುಚ್ಚೋದು’ ಬ್ಯಾರೆ ಅಂತ ಕಾಣಬೇಕು. ಒಪ್ಪಗಿಪ್ಪ ಏನೂ ಬ್ಯಾಡ. ಮೂರಕ್ಕೂ ಬಾಲದಾಗ ‘ಒಪ್ಪ’ ಇಟ್ರ ಜಗಳ ಎಲ್ಲಿತ್ತೋ ಅಲ್ಲೇ ಉಳೀತೈತಿ.

– ಬಾಗಲಕೋಟೆ

---

> ಒಪ್ಪಗಿಪ್ಪ ಏನೂ ಬ್ಯಾಡ.

ಪದ ಕೇಳಿದರೆ ಗ್ಯಾರೇಜ್ ಪಾಟ. ಕ್ಲಿಯರ್‌ಕೋಟ್, ಪ್ಯಾಡ್, ಪೇಸ್ಟ್, ಟೇಪ್. ಇಡೀ ಓಲೆಯಲ್ಲಿ ಕನ್ನಡವೆಂದರೆ ‘ಬ್ಯಾಡ’ ಒಂದೇ. ಹೀಗೇ ಹೋದರೆ ಬಾಶೆ ಉಳಿಯುವುದಿಲ್ಲ.

– ವಿಜಯಪುರ

---

ವಿಜಯಪುರದ ರಾಯರೇ, ನಿಮ್ಮ ‘ಮೇಣೊಪ್ಪ’ದ ಮೇಣ ಎಲ್ಲಿಂದ ಬಂತು? ಸಂಸ್ಕೃತದ ‘ಮದನ’, ಪ್ರಾಕೃತದ ‘ಮಯಣ’, ಆಮೇಲೆ ಮೇಣ. ಮರಾಠಿಯಲ್ಲೂ ಅದೇ. ಬಣ್ಣ? ‘ವರ್ಣ’ದ ತದ್ಭವ. ಸಾವಿರ ವರ್ಷದ ಹಿಂದಿನ ಎರವಲಾದರೆ ಅಚ್ಚಗನ್ನಡ, ನೂರು ವರ್ಷದ್ದಾದರೆ ಹೊಲಸು, ಇದು ಯಾವ ಲೆಕ್ಕ?

ಬೆಳಗಾವಿಯ ಬೋರ್ಡ್ ಅಂದಮೇಲೆ ಇನ್ನೊಂದು ಮಾತು. ಓದುವವರಲ್ಲಿ ಬಹಳ ಜನ ಮನೆಯಲ್ಲಿ ಮರಾಠಿ ಆಡುವವರು. ಅವರಿಗೆ ಗೀರು ಅಂದರೆ ‘ಓರಖಡಾ’, ಹೊಳಪು ಅಂದರೆ ‘ಚಕಾಕಿ’. ಮೇಣ ಎರಡೂ ಕಡೆ ನಡೆಯುತ್ತದೆ, ಅದನ್ನು ಕೈಬಿಡಬೇಡಿ.

– ಖಾನಾಪುರ

---

ಬೆಳಗಾವಿ ಬೋರ್ಡಿಗೆ ಮರಾಟಿ ಕಿವಿಗೆ ಹಿತವಾಗುವ ಪದ ಹುಡುಕಬೇಕೋ? ಈ ಬಳಗದಲ್ಲಿ ಇದನ್ನೂ ಓದಬೇಕಾಯಿತು. ಮೇಣ ಮರಾಟಿಗೆ ಕನ್ನಡದಿಂದಲೇ ಹೋಗಿರಬಾರದೇಕೆ?

– ವಿಜಯಪುರ

---

ಹೋಗಿರಬಾರದು. ‘ಮಯಣ’ ಎದುರಿಗೇ ನಿಂತಿದೆ. ಬೇಕಾದರೆ ಬೇರೆ ಎಳೆ ತೆಗೆಯಿರಿ, ಕೇಳಿದವರಿಗೆ ನಾಳೆ ಸಂಜೆಗೆ ಬೋರ್ಡ್ ಬೇಕು.

– ಖಾನಾಪುರ

---

ಜಗಳ ಮುಂದುವರಿಯಲಿ, ನಾನು ಮಾಲೀಕರಿಗೆ ಕಳಿಸುತ್ತಿರುವುದು ಇಷ್ಟು:

ಕೂದಲಗೀರು ತೆಗೆಯುವುದು (ಕಾಂಪೌಂಡ್ + ಪಾಲಿಶ್)
ಹೊಳಪು ತಿಕ್ಕುವುದು (ಪಾಲಿಶ್ ಮಾತ್ರ)
ಮೇಣದ ಲೇಪ (ವ್ಯಾಕ್ಸ್) – ಗೀರು ಹೋಗುವುದಿಲ್ಲ

‘ಉಜ್ಜುವುದು’ ಬಿಟ್ಟು ‘ತಿಕ್ಕುವುದು’ ಇಟ್ಟಿದ್ದೇನೆ, ಈ ಕಡೆ ಬಾಯಲ್ಲಿರುವುದು ಅದೇ. ಒಪ್ಪ ಚಂದದ ಪದ, ಆದರೆ ಬೋರ್ಡಿನಲ್ಲಿ ಓದಿದವರು ‘ಯಾರು ಏನು ಒಪ್ಪಬೇಕು?’ ಅಂತ ಕೇಳುತ್ತಾರೆ.

– ಬೆಳಗಾವಿ

---

ಛಲೋ ಐತಿ. ಮೊದಲನೇ ಸಾಲಿನ ಕೆಳಗ ಸಣ್ಣ ಅಕ್ಷರದಾಗ ‘ಉಗುರಿಗೆ ತಡೆಯುವ ಗೀರು ಇದರಿಂದ ಹೋಗುವುದಿಲ್ಲ’ ಅಂತನೂ ಬರೆಸ್ರಿ. ಉಗುರು ಅಡ್ಡ ಎಳೆದಾಗ ತಡೀತಂದ್ರ ಗೀರು ಆಳಕ್ಕ ಇಳಿದೈತಿ, ಅದನ್ನ ತಿಕ್ಕಿ ತೆಗೀಲಿಕ್ಕ ಹೋದ್ರ ಕ್ಲಿಯರ್‌ಕೋಟ್ ಮುಗೀತೈತಿ. ಅದು ಪೇಂಟ್ ಬೂತ್ ಕೆಲಸ.

– ಬಾಗಲಕೋಟೆ

---

‘ಲೇಪ’ ಸಂಸ್ಕ್ರುತ. ‘ಬಳಿತ’ ಅನ್ನಿ.

– ವಿಜಯಪುರ