ಕಷ್ಟಕಾಲದಲ್ಲಿ ನಿಮ್ಮ ಕೈಹಿಡಿದ ಯೋಜಿಜುಕುಗೊ ಯಾವುದು?

ಪ್ರಶ್ನೆ (ಬೆಂಗಳೂರಿನಿಂದ)

ಎಲ್ಲರಿಗೂ ನಮಸ್ಕಾರ. ಕಚೇರಿ ಮುಗಿಸಿ, ಮಗಳನ್ನು ಮಲಗಿಸಿದ ಮೇಲೆ ಜಪಾನಿ ಭಾಷೆ ಓದುತ್ತೇನೆ. ಜುಲೈನಲ್ಲಿ ಬರೆದ, ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಮೇಲಿನಿಂದ ಎರಡನೆಯ ಹಂತವಾದ ಜೆಎಲ್‌ಪಿಟಿ ಎನ್‌2 ಕೈತಪ್ಪಿತು. ತೇರ್ಗಡೆಗೆ 180ರಲ್ಲಿ 90 ಅಂಕ ಬೇಕು, ಅದು ಬಂದಿತ್ತು. ಆದರೆ ಪ್ರತಿ ವಿಭಾಗದಲ್ಲೂ 60ಕ್ಕೆ ಕನಿಷ್ಠ 19 ಇರಬೇಕೆಂಬ ನಿಯಮವಿದೆ. ಆಲಿಸುವ ವಿಭಾಗದಲ್ಲಿ ಅಷ್ಟು ಬರಲಿಲ್ಲ. ಈಗ ಹೊಸ ವರ್ಷಕ್ಕೆ ಪ್ರತಿಯೊಬ್ಬರೂ ಒಂದು ಯೋಜಿಜುಕುಗೊ, ಅಂದರೆ ನಾಲ್ಕು ಕಾಂಜಿಗಳ (ಚೀನೀ ಮೂಲದ ಅಕ್ಷರಗಳ) ನುಡಿಗಟ್ಟು ಆರಿಸಿ ಕುಂಚದಲ್ಲಿ ಬರೆಯಬೇಕೆಂದು ನಮ್ಮ ಸೆನ್ಸೇಯ್ (ಗುರುಗಳು) ಹೇಳಿದ್ದಾರೆ. ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ಸೋತು ಕುಳಿತಾಗ ನಿಮಗೆ ನಿಜವಾಗಿ ಆಸರೆಯಾದದ್ದು ಯಾವುದು, ಅದು ಹೇಗೆ ಕೆಲಸಕ್ಕೆ ಬಂತು ಎಂಬುದನ್ನು ದಯವಿಟ್ಟು ತಿಳಿಸಿ.

ತಕಾಸಾಕಿಯಿಂದ

ನನ್ನದು ‘ಶಿಚಿತೆನ್ ಹಕ್ಕಿ’. ಏಳು ಸಲ ಬಿದ್ದು ಎಂಟು ಸಲ ಏಳುವುದು. ಇದೇ ಮಾತನ್ನು ‘ನಾನಾಕೊರೊಬಿ ಯಾಒಕಿ’ ಎಂದೂ ಹೇಳುತ್ತಾರೆ. ಜಪಾನಿನಲ್ಲಿ ನಾನಿರುವ ಈ ಊರು ದಾರುಮಾ ಗೊಂಬೆಗಳಿಗೆ ಹೆಸರುವಾಸಿ. ದಾರುಮಾ ಎಂದರೆ ಬೋಧಿಧರ್ಮ. ದಕ್ಷಿಣ ಭಾರತದಿಂದ ಚೀನಾಕ್ಕೆ ಹೋದನೆಂದು ಪರಂಪರೆ ನಂಬುವ ಆ ಗುರುವೇ. ಕಾಗದದ ತಿರುಳಿನಿಂದ ಮಾಡಿದ ಕೆಂಪು ಗೊಂಬೆ, ತಳದಲ್ಲಿ ಭಾರ. ಎತ್ತ ತಳ್ಳಿದರೂ ಎದ್ದು ಕೂರುತ್ತದೆ. ಇಲ್ಲಿಯ ದಾರುಮಾಗಳ ಹುಬ್ಬನ್ನು ಕ್ರೌಂಚ ಪಕ್ಷಿಯಂತೆಯೂ ಗಡ್ಡವನ್ನು ಆಮೆಯಂತೆಯೂ ಬರೆಯುತ್ತಾರೆ. ಎರಡೂ ದೀರ್ಘಾಯುಸ್ಸಿನ ಗುರುತು. ಕೊಂಡು ತರುವಾಗ ಕಣ್ಣುಗಳೆರಡೂ ಖಾಲಿ. ಸಂಕಲ್ಪ ಮಾಡಿದಾಗ ಒಂದು ಕಣ್ಣಿಗೆ ಶಾಯಿ ತುಂಬಬೇಕು, ಕೆಲಸ ಕೈಗೂಡಿದಾಗ ಇನ್ನೊಂದಕ್ಕೆ.

ನಾನು ಒಂದು ಕಣ್ಣು ತುಂಬಿದ್ದು ಡ್ರೈವಿಂಗ್ ಲೈಸೆನ್ಸಿಗಾಗಿ. ಭಾರತದ ಲೈಸೆನ್ಸನ್ನು ಇಲ್ಲಿಯದಕ್ಕೆ ಬದಲಾಯಿಸಬೇಕಾದರೆ ಪ್ರಾಯೋಗಿಕ ಪರೀಕ್ಷೆಯಲ್ಲಿ ಪಾಸಾಗಬೇಕು. ಊರಲ್ಲಿ ವರ್ಷಗಟ್ಟಲೆ ಕಾರು ಓಡಿಸಿದವರೂ ಇಲ್ಲಿ ಮತ್ತೆ ಮತ್ತೆ ನಪಾಸಾಗುತ್ತಾರೆ. ಎಡಕ್ಕೆ ತಿರುಗುವ ಮುನ್ನ ಕಾರನ್ನು ರಸ್ತೆಯಂಚಿಗೆ ತಂದು, ಕತ್ತು ಹೊರಳಿಸಿ, ಹಿಂದಿನಿಂದ ಸೈಕಲ್ ಬರುತ್ತಿಲ್ಲವೆಂದು ನೋಡಲೇಬೇಕು. ಕನ್ನಡಿ ನೋಡಿದರೆ ಸಾಲದು, ಕತ್ತು ಹೊರಳಿದ್ದು ಪರೀಕ್ಷಕರ ಕಣ್ಣಿಗೆ ಬೀಳಬೇಕು. ಒಂದೊಂದು ಸಲವೂ ಒಂದೊಂದು ಕಾರಣಕ್ಕೆ ವಾಪಸ್ ಕಳುಹಿಸಿದರು. ಪ್ರತಿ ಕಾರಣವನ್ನೂ ಬರೆದಿಟ್ಟು, ಮುಂದಿನ ಸಲ ಅದೊಂದನ್ನೇ ಗಟ್ಟಿ ಮಾಡಿಕೊಂಡು ಹೋದೆ. ಈ ನುಡಿಗಟ್ಟನ್ನು ಗೋಡೆಗೆ ಅಂಟಿಸಿದ್ದರಿಂದ ನಾನು ಪಾಸಾಗಲಿಲ್ಲ. ಪ್ರತಿ ಬೀಳನ್ನೂ ಬೇರೆಬೇರೆಯಾಗಿ ಎಣಿಸಿದ್ದರಿಂದ ಪಾಸಾದೆ. ನಿಮ್ಮ ಬೀಳು ಯಾವುದೆಂದು ನಿಮಗೆ ಈಗಾಗಲೇ ಗೊತ್ತಿದೆ: ಆಲಿಸುವಿಕೆ. ಇದು ದೊಡ್ಡ ಅನುಕೂಲ.

ಧೈರ್ಯ ಬೇಕೆನಿಸಿದಾಗ ಸುಮೋ ಮಲ್ಲ ತೆರುನೊಫುಜಿಯ ಕಥೆ ಓದಿ. ಮಂಗೋಲಿಯಾದಲ್ಲಿ ಹುಟ್ಟಿದವರು. ಮಂಡಿಯ ಗಾಯ, ಮಧುಮೇಹಗಳಿಂದ ನರಳಿ 2017ರಲ್ಲಿ ಸುಮೋದ ಎರಡನೆಯ ಅತ್ಯುನ್ನತ ಪದವಿಯಾದ ಓಝೆಕಿಯನ್ನು ಕಳೆದುಕೊಂಡರು. 2019ರ ಹೊತ್ತಿಗೆ ಕೆಳಗಿನಿಂದ ಎರಡನೆಯ ದರ್ಜೆಯಾದ ಜೊನಿದಾನ್‌ವರೆಗೆ ಕುಸಿದರು. ಓಝೆಕಿಯಾಗಿದ್ದವರು ಅಷ್ಟು ಕೆಳಗಿಳಿದರೆ ನಿವೃತ್ತಿಯೇ ಗತಿ ಎಂದು ಜನ ಭಾವಿಸುತ್ತಾರೆ. ಅವರು 2020ರಲ್ಲಿ ಮತ್ತೆ ಮೇಲಿನ ದರ್ಜೆಯ ಪ್ರಶಸ್ತಿ ಗೆದ್ದು 2021ರಲ್ಲಿ ಎಲ್ಲಕ್ಕಿಂತ ಮೇಲಿನ ಪದವಿಯಾದ ಯೊಕೊಝುನಾಕ್ಕೆ ಏರಿದರು.

ಧಾರವಾಡದಿಂದ

ಸುಮೋ ಮಾತು ಬಂದದ್ದರಿಂದ ಒಂದು ಸೇರಿಸುತ್ತೇನೆ. ಬಡ್ತಿಯ ಸುದ್ದಿಯನ್ನು ಹೇಳಲು ಸಂಘದ ದೂತರು ಬಂದಾಗ ಮಲ್ಲರು ತಲೆಬಾಗಿ ಒಂದು ವಚನ ಕೊಡುವುದು ವಾಡಿಕೆ. 1994ರಲ್ಲಿ ಯೊಕೊಝುನಾ ಆದಾಗ ತಕಾನೊಹಾನಾ ಕೊಟ್ಟ ವಚನದಲ್ಲಿ ‘ಫುತೋ ಫುಕುತ್ಸು’ ಇತ್ತು. ಬಾಗದ, ಕುಗ್ಗದ ಮನಸ್ಸು. ನಾಲ್ಕು ಜನರ ಎದುರು ಹೇಳಿದ ಮಾತಿಗೆ ಬೇರೆಯೇ ತೂಕವಿದೆ. ನೀವು ಯಾವುದನ್ನು ಆರಿಸಿದರೂ ಮನೆಯವರ ಮುಂದೆ ಗಟ್ಟಿಯಾಗಿ ಓದಿ ಹೇಳಿ.

ಮೈಸೂರಿನಿಂದ (ಜಪಾನಿ ಕಲಿಸುತ್ತೇನೆ)

ತಂಗಿ, ಯಾವುದನ್ನು ಆರಿಸಬಾರದು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ವಿದ್ಯಾರ್ಥಿಗಳು ಮುಗಿಬೀಳುವುದು ‘ಗಾಶಿನ್ ಶೋತಾನ್’ ಮೇಲೆ: ಸೌದೆಯ ಮೇಲೆ ಮಲಗಿ ಪಿತ್ತಕೋಶ ನೆಕ್ಕುವುದು. ಪ್ರಾಚೀನ ಚೀನಾದ ವೂ, ಯುಯೆ ರಾಜ್ಯಗಳ ಹಗೆಯ ಕಥೆ ಅದು. ತಂದೆಯ ಸಾವನ್ನು ಮರೆಯಬಾರದೆಂದು ಒಬ್ಬ ರಾಜ ಸೌದೆಯ ಮೇಲೆ ಮಲಗಿದ. ಅವನಿಂದ ಸೋತ ಇನ್ನೊಬ್ಬ, ಅವಮಾನ ಮರೆಯಬಾರದೆಂದು ಕಹಿ ಪಿತ್ತ ಸವಿದ. 1895ರಲ್ಲಿ ರಷ್ಯಾ, ಜರ್ಮನಿ, ಫ್ರಾನ್ಸ್ ಸೇರಿ ಲಿಯಾವೊತುಂಗ್ ಪರ್ಯಾಯದ್ವೀಪವನ್ನು ಚೀನಾಕ್ಕೆ ಹಿಂದಿರುಗಿಸುವಂತೆ ಜಪಾನನ್ನು ಒತ್ತಾಯಿಸಿದಾಗ ಇಡೀ ದೇಶ ಇದನ್ನೇ ಘೋಷಣೆ ಮಾಡಿಕೊಂಡಿತು. ಸೇಡಿಗೆ ಹುಟ್ಟಿದ ಮಾತು. ಭಾಷೆ ಕಲಿಯುವವರಿಗೆ ಯಾರ ಮೇಲಿನ ಸೇಡು?

ಎರಡನೆಯದು ‘ಯೊನ್ತೋ ಗೊರಾಕು’. ನಾಲ್ಕು ಗಂಟೆ ಮಲಗಿದವನು ಪಾಸು, ಐದು ಗಂಟೆ ಮಲಗಿದವನು ಫೇಲು. ಪ್ರವೇಶ ಪರೀಕ್ಷೆಗೆ ಓದುವ ಮಕ್ಕಳ ನಡುವೆ ಹಬ್ಬಿದ ಈ ಮಾತನ್ನು ದಯವಿಟ್ಟು ಹತ್ತಿರ ಸೇರಿಸಬೇಡಿ. ಎನ್‌2ನಲ್ಲಿ 105 ನಿಮಿಷ ಓದಿ ಬರೆದ ಮೇಲೆ ಆಲಿಸುವ ಭಾಗ ಬರುತ್ತದೆ. ಧ್ವನಿಮುದ್ರಿಕೆ ಒಂದೇ ಸಲ ಕೇಳಿಸುತ್ತದೆ. ನಿದ್ದೆಗೆಟ್ಟ ತಲೆಗೆ ಓದಿದ್ದು ಹೇಗೋ ಇಳಿಯಬಹುದು, ಕೇಳಿದ್ದು ಇಳಿಯುವುದಿಲ್ಲ. ಮಗುವಿನ ತಾಯಿ ನೀವು. ನಿದ್ದೆಯನ್ನು ಕಾಪಾಡಿಕೊಳ್ಳುವುದೂ ನಿಮ್ಮ ತಯಾರಿಯ ಭಾಗವೇ.

ನಾನು ಹೇಳುವುದು ‘ಸೆಸ್ಸಾ ತಾಕುಮಾ’. ಚೀನಾದ ಪುರಾತನ ಕಾವ್ಯಸಂಕಲನದಿಂದ ಬಂದದ್ದು: ಎಲುಬು, ದಂತ, ಜೇಡ್ ರತ್ನ, ಕಲ್ಲುಗಳನ್ನು ಕತ್ತರಿಸಿ, ಉಜ್ಜಿ, ಕಡೆದು, ನಯಗೊಳಿಸುವ ಕುಶಲಕರ್ಮಿಗಳ ನಾಲ್ಕು ಕೆಲಸ. ಜಪಾನಿನಲ್ಲಿ ಇದನ್ನು ಜೊತೆಗಾರರು ಒಬ್ಬರನ್ನೊಬ್ಬರು ತಿದ್ದಿ ಬೆಳೆಸುವುದಕ್ಕೆ ಬಳಸುತ್ತಾರೆ. ಆಲಿಸುವುದರಲ್ಲಿ ಹಿಂದುಳಿದವರನ್ನು ನಾನು ಜೋಡಿ ಮಾಡುತ್ತೇನೆ. ಒಬ್ಬರು ಮೊಬೈಲ್‌ನಲ್ಲಿ ವಾರ್ತೆ ಹಾಕುತ್ತಾರೆ. ಇನ್ನೊಬ್ಬರು ವಾಕ್ಯ ಮುಗಿಯುವವರೆಗೆ ಕಾಯದೆ, ನೆರಳಿನಂತೆ ಹಿಂದೆಯೇ ನುಡಿಯುತ್ತಾರೆ. ವಿಭಕ್ತಿಯಂತೆ ಪದದ ಹಿಂದೆ ಬರುವ ಪ್ರತ್ಯಯಗಳಲ್ಲಿ ಎಲ್ಲಿ ‘ನಿ’ ಬಿಟ್ಟುಹೋಯಿತು, ಎಲ್ಲಿ ‘ವಾ’ ಬದಲು ‘ಗಾ’ ಬಂತು ಎಂಬುದನ್ನು ಜೊತೆಗಾರ ಗುರುತು ಹಾಕುತ್ತಾನೆ. ಒಬ್ಬರೇ ಕುಳಿತು ಕೇಳಿದರೆ ಅರ್ಥವಾಯಿತೆಂದು ಮನಸ್ಸು ತೃಪ್ತಿಪಟ್ಟುಕೊಂಡುಬಿಡುತ್ತದೆ. ಎದುರಿಗೆ ಇನ್ನೊಬ್ಬರಿದ್ದರೆ ಅದಕ್ಕೆ ಅವಕಾಶವಿಲ್ಲ.

ಒಸಾಕಾದಿಂದ

ಅಕ್ಕ, ನಾನು ಇಲ್ಲಿ ವೃದ್ಧರ ಆರೈಕೆ ಕೇಂದ್ರದಲ್ಲಿದ್ದೇನೆ. ಬಂದ ಹೊಸತರಲ್ಲಿ ಪಾಳಿ ಬದಲಾಗುವಾಗ ಹೇಳುವ ವರದಿ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ಯಾರು ಊಟ ಬಿಟ್ಟರು, ಯಾರಿಗೆ ಜ್ವರ ಎಂಬುದು ತಪ್ಪಿಹೋದರೆ ಒಂದು ಜೀವಕ್ಕೆ ತೊಂದರೆ. ಜೇಬಿನ ಪುಸ್ತಕದ ಮೊದಲ ಪುಟದಲ್ಲಿ ‘ತೆನ್ತೆಕಿ ಸೆನ್ಸೆಕಿ’ ಎಂದು ಬರೆದುಕೊಂಡೆ. ತೊಟ್ಟಿಕ್ಕುವ ಹನಿ ಕಲ್ಲನ್ನು ಕೊರೆಯುತ್ತದೆ. ಪ್ರತಿ ವರದಿಯಿಂದ ಗೊತ್ತಿಲ್ಲದ ಒಂದೇ ಪದ ಬರೆದುಕೊಂಡು, ಮನೆಗೆ ಹೋಗುವ ಮುನ್ನ ಅದನ್ನು ಹಿರಿಯ ಸಹೋದ್ಯೋಗಿಯ ಎದುರು ಬಳಸಿ ತೋರಿಸುತ್ತಿದ್ದೆ. ಒಂದಕ್ಕಿಂತ ಹೆಚ್ಚು ಬೇಡವೆಂದು ನಿಯಮ ಹಾಕಿಕೊಂಡಿದ್ದೆ. ಹೆಚ್ಚು ಮಾಡಹೊರಟ ದಿನಗಳ ಮರುದಿನವೇ ನಿಂತುಹೋಗುತ್ತಿತ್ತು.

ಇದರ ಜೊತೆಗೆ ಹೇಳುವ ಇನ್ನೊಂದು ನುಡಿ ‘ಜೋಕ್ಯೋ ಬೊಕುದಾನ್’: ಹಗ್ಗವೂ ಗರಗಸದಂತೆ ಮರವನ್ನು ಕತ್ತರಿಸುತ್ತದೆ. ನಮ್ಮೂರ ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಕೊರೆದ ಗೆರೆಗಳನ್ನು ಬೆರಳಿಟ್ಟು ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ.

ಕೇಂದ್ರದ ಅಜ್ಜಿಯೊಬ್ಬರು ‘ಮಿಕ್ಕಾ ಬೋಜು’ ಕಲಿಸಿದರು. ಅದೂ ನಾಲ್ಕೇ ಕಾಂಜಿ. ಮೂರು ದಿನಕ್ಕೆ ಸನ್ಯಾಸ ಬಿಟ್ಟವನು, ಅಂದರೆ ಹಿಡಿದದ್ದನ್ನು ಬೇಗ ಕೈಬಿಡುವವನು. ಮೂರು ದಿನಕ್ಕೆ ಬಿಟ್ಟರೆ ನಾಲ್ಕನೆಯ ದಿನ ಮತ್ತೆ ದೀಕ್ಷೆ ತೆಗೆದುಕೋ ಎಂದರು. ಹಾಗೇ ಮಾಡಿದೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ಮೈಸೂರಿನ ಅಕ್ಕನ ಮಾತು ಓದಿ ಈ ರಾತ್ರಿ ಪುಸ್ತಕ ಮುಚ್ಚಿ ಮಲಗುತ್ತಿದ್ದೇನೆ. ಕಾಗದದ ಮೇಲೆ ‘ತೆನ್ತೆಕಿ ಸೆನ್ಸೆಕಿ’ ಬರೆಯುತ್ತೇನೆ. ಕಚೇರಿಗೆ ಹೋಗುವಾಗ ಮೆಟ್ರೊದಲ್ಲಿ ದಿನಕ್ಕೊಂದು ಆಲಿಸುವ ಪ್ರಶ್ನೆ, ಒಂದೇ, ಉತ್ತರ ತಪ್ಪಿದರೆ ತಪ್ಪಿದ ಕಾರಣದ ಸಹಿತ. ಕುಂಚ ಹಿಡಿದು ಅಭ್ಯಾಸವಿಲ್ಲ. ಬರೆಯುವ ಕ್ರಮ ಯಾರಾದರೂ ಹೇಳಿ.

ಟೋಕಿಯೊದಿಂದ

ನನ್ನ ಮಗ ಇಲ್ಲಿ ಮೂರನೆಯ ತರಗತಿ. ಕುಂಚದ ಬರವಣಿಗೆ ಶಾಲೆಯಲ್ಲಿ ಶುರುವಾಗುವುದು ಆ ತರಗತಿಯಲ್ಲೇ. ಅವನ ಜೊತೆ ಕುಳಿತು ಕಲಿತದ್ದನ್ನು ಹೇಳುತ್ತೇನೆ. ಕಾಗದವನ್ನು ಉದ್ದಕ್ಕೆ ಇಟ್ಟುಕೊಳ್ಳಿ. ನಾಲ್ಕು ಭಾಗವಾಗುವಂತೆ ಮಡಚಿ ಬಿಡಿಸಿದರೆ ಗೆರೆ ಎಳೆಯದೆಯೇ ಮನೆಗಳು ಸಿಗುತ್ತವೆ. ಮೊದಲು ಬಲಗಡೆಯ ಸಾಲು, ಮೇಲಿನಿಂದ ಕೆಳಕ್ಕೆ ಎರಡು ಕಾಂಜಿ. ಆಮೇಲೆ ಎಡಗಡೆಯ ಸಾಲು. ತೀರಾ ಎಡಕ್ಕೆ ಸಣ್ಣ ಕುಂಚದಲ್ಲಿ ನಿಮ್ಮ ಹೆಸರು. ‘ತೆಕಿ’ಗೆ 14 ಗೆರೆ, ಕೊನೆಯ ‘ಸೆಕಿ’ಗೆ ಐದೇ. ಗೆರೆ ಹೆಚ್ಚಿದ್ದಲ್ಲಿ ಕುಂಚವನ್ನು ಹಗುರವಾಗಿ, ಕಡಿಮೆ ಇದ್ದಲ್ಲಿ ಒತ್ತಿ ಬರೆಯಿರಿ. ಆಗ ಪುಟ ಸಮತೂಕವಾಗಿ ಕಾಣುತ್ತದೆ. ಹಳೆಯ ದಿನಪತ್ರಿಕೆಯ ಮೇಲೆ ಕೈ ಪಳಗಿಸಿಕೊಳ್ಳಿ. ಹೊಸ ವರ್ಷದ ಮೊದಲ ಬರವಣಿಗೆ ‘ಕಾಕಿಝೊಮೆ’ಗೆ ಇಲ್ಲಿ ಜನವರಿ 2 ರೂಢಿಯ ದಿನ, ನೀವೂ ಅಂದೇ ಬರೆಯಬಹುದು.

ಮೈಸೂರಿನಿಂದ

ತಂಗಿ, ನನ್ನ ತರಗತಿಯಲ್ಲಿ ಜುಲೈ ಪರೀಕ್ಷೆಗೆ ಕೂರುವ ಹುಡುಗಿಯೊಬ್ಬಳಿದ್ದಾಳೆ. ಓದುವುದರಲ್ಲಿ ನಿಮಗಿಂತ ಹಿಂದೆ ಇರಬಹುದು, ಕೇಳುವುದರಲ್ಲಿ ಚುರುಕು. ಭಾನುವಾರ ಬೆಳಿಗ್ಗೆ ಫೋನಿನಲ್ಲಿ ಜೊತೆಯಾಗಲು ಒಪ್ಪಿದ್ದಾಳೆ. ನಿಮಗೆ ಎಷ್ಟು ಗಂಟೆಗೆ ಬಿಡುವಾಗುತ್ತದೆಂದು ತಿಳಿಸಿ, ಮೊದಲ ವಾರ ನಾನೂ ಜೊತೆಗಿರುತ್ತೇನೆ.