ಐಸ್ ಫಿಶಿಂಗ್ ರಾಡುಗಳಿಗೆ ಯಾವ ಕೇಸ್ ತಗೊಳ್ಳೋದು?

ಸೇಂಟ್‌ಪಾಲ್_ಗಾಳ:
ಮಿನ್ನೆಸೋಟದಲ್ಲಿ ಐಸ್ ಮೇಲೆ ಮೀನು ಹಿಡಿಯುವ ಕನ್ನಡಿಗರಲ್ಲಿ ಒಂದು ಪ್ರಶ್ನೆ. ಇಬ್ಬರು ಹೋಗುವವರು. ಐಸ್ ಮೇಲೆ ತಲಾ ಎರಡು ಲೈನ್ (ಗಾಳದ ದಾರ) ಬಿಡಬಹುದಾದ್ದರಿಂದ ನಾಲ್ಕು ರಾಡ್: ಬ್ಲೂಗಿಲ್, ಕ್ರಾಪಿ ಎಂಬ ಸಣ್ಣ ಮೀನುಗಳಿಗೆ 24 ಇಂಚಿನವು ಎರಡು, 28 ಇಂಚಿನದು ಒಂದು, ವಾಲ್‌ಐ ಎಂಬ ದೊಡ್ಡ ಮೀನಿಗೆ 32 ಇಂಚಿನದು ಒಂದು. ಲೈನ್ ಸುತ್ತಲು 24ರದ್ದೊಂದಕ್ಕೆ ಚಕ್ರದಂಥ ಇನ್‌ಲೈನ್ ರೀಲ್, ಮಿಕ್ಕವಕ್ಕೆ ಸ್ಪಿನ್ನಿಂಗ್ ರೀಲ್. ಸದ್ಯಕ್ಕೆ ಎಲ್ಲವೂ 5 ಗ್ಯಾಲನ್ ಬಕೆಟ್‌ನಲ್ಲಿ ನಿಂತು ಪ್ರಯಾಣ ಮಾಡುತ್ತವೆ. ಕೆರೆಯ ಮೇಲೆ ಕೈಯಲ್ಲಿ ಎಳೆಯುವ ಸ್ಲೆಡ್.

ಗಟ್ಟಿ ಕೇಸ್ ಒಳ್ಳೆಯದೋ, ಮೆತ್ತನೆಯ ಬ್ಯಾಗೋ? 32 ಇಂಚು ಅಂತ ಬರೆದಿರುವ ಕೇಸಿಗೆ 32 ಇಂಚಿನ ರಾಡ್ ಹಿಡಿಯುತ್ತದಾ? ಪ್ರತಿ ಸಲ ರೀಲ್ ಬಿಚ್ಚಬೇಕಾ?

ಮಿಲ್‌ಲ್ಯಾಕ್ಸ್_ಉತ್ತರ:
ಬಕೆಟ್ ಮೊದಲು ಬಿಡಿ. ಬಕೆಟ್‌ನಿಂದ ಮೇಲೆ ಚಾಚಿಕೊಂಡಿರುವುದು ರಾಡಿನ ಅತಿ ಸೂಕ್ಷ್ಮ ಭಾಗ, ಕಾರಿನ ಬಾಗಿಲು ಬಂದು ಬಡಿಯುವುದೂ ಅಲ್ಲಿಗೇ.

ಕೇಸ್ ಆರಿಸುವಾಗ ಎಲ್ಲರೂ ರಾಡಿನ ಉದ್ದ ನೋಡುತ್ತಾರೆ. ನಿಜವಾಗಿ ತೊಂದರೆ ಕೊಡುವುದು ರೀಲಿನ ದಪ್ಪ. ಅಂಗಡಿಗೆ ಹೋಗುವ ಮುಂಚೆ ಮನೆಯಲ್ಲೇ ಮೂರು ಅಳತೆ ತೆಗೆದುಕೊಳ್ಳಿ.

ಮೊದಲನೆಯದು, ಅತಿ ಉದ್ದದ ರಾಡ್ ಹಿಡಿಯ ತಳದಿಂದ ತುದಿಯ ಬಳೆಯವರೆಗೆ (ಲೈನ್ ಹಾದುಹೋಗುವ ಉಂಗುರ) ಎಷ್ಟಿದೆ ಅಂತ. ತುದಿಗೆ ಸ್ಪ್ರಿಂಗ್ ಬಾಬರ್ (ಮೀನು ಕಚ್ಚಿದ್ದನ್ನು ತೋರಿಸುವ ಸಣ್ಣ ಸ್ಪ್ರಿಂಗ್) ಇದ್ದರೆ ಅದನ್ನೂ ಸೇರಿಸಿ. ಅದಕ್ಕೆ 2 ಇಂಚು ಕೂಡಿಸಿ. ಲೇಬಲ್ ಮೇಲಿನ ಉದ್ದ ಎಷ್ಟೋ ಸಲ ಹೊರಗಿನ ಅಳತೆ, ಒಳಗೆ ಫೋಮ್ ಜಾಗ ತಿಂದಿರುತ್ತದೆ. ನಿಮ್ಮ 32ಕ್ಕೆ ಒಳಗಡೆ 34 ಇಂಚು ಬೇಕೇ ಬೇಕು, 36 ಸಿಕ್ಕರೆ ನಿರಾಳ.

ಎರಡನೆಯದು, ಹ್ಯಾಂಡಲ್ ಮಡಚಿದ ಮೇಲೆ ರಾಡಿನ ಬೆನ್ನಿನಿಂದ ರೀಲಿನ ತಳದವರೆಗಿನ ಆಳ. ಮೂರನೆಯದು, ಇನ್‌ಲೈನ್ ರೀಲಿನ ಅಗಲ. ಇನ್‌ಲೈನ್ ರೀಲ್ ಚಕ್ರದ ಹಾಗೆ ದೊಡ್ಡದು, ಹ್ಯಾಂಡಲ್ ಬೇರೆ ಪಕ್ಕಕ್ಕೆ ಚಾಚಿರುತ್ತದೆ. ಅದೊಂದೇ ಎರಡು ರಾಡಿನ ಜಾಗ ಹಿಡಿಯುತ್ತದೆ. ಆದ್ದರಿಂದ ನಾಲ್ಕು ರಾಡ್ ಇರುವವರು ‘ಆರು ರಾಡಿನ ಕೇಸ್’ ಕೊಳ್ಳುವುದೇ ಸರಿ.

ಇನ್ನೊಂದು ವಿಷಯ. ಜಾಗ ಉಳಿಸಲು ರಾಡುಗಳನ್ನು ತಲೆ-ಬಾಲ ತಿರುಗಿಸಿ ಇಡುತ್ತಾರಲ್ಲ, ಆಗ ಒಂದರ ತುದಿ ಇನ್ನೊಂದರ ರೀಲಿನ ಪಕ್ಕಕ್ಕೇ ಬರುತ್ತದೆ. ನಡುವೆ ಫೋಮಿನ ತಡೆಯಾಗಲಿ ಬಟ್ಟೆಯ ಪದರವಾಗಲಿ ಇಲ್ಲದಿದ್ದರೆ ಸ್ಲೆಡ್ ಎಗರಿದಾಗಲೆಲ್ಲ ಹ್ಯಾಂಡಲ್ ಹೋಗಿ ತುದಿಗೆ ಹೊಡೆಯುತ್ತದೆ.

ಡುಲುತ್_ಚಳಿ:
ನನ್ನ ಮತ ಗಟ್ಟಿ ಕೇಸಿಗೆ, ಆದರೆ ಪ್ಲಾಸ್ಟಿಕ್ ಯಾವುದು ಅಂತ ನೋಡಿ ತಗೊಳ್ಳಿ. ತಳದಲ್ಲಿ ತ್ರಿಕೋನದೊಳಗೆ ಅಂಕಿ ಅಚ್ಚಾಗಿದ್ದರೆ ಓದಿ: 2 ಅಂದರೆ ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್, 5 ಅಂದರೆ ಪಾಲಿಪ್ರೊಪಿಲೀನ್. ಸಾದಾ ಪಾಲಿಪ್ರೊಪಿಲೀನ್ ಸೊನ್ನೆ ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೇ ಪೆಡಸಾಗಲು ಶುರು. ಮೈನಸ್ 20ರಲ್ಲಿ ಕೈಜಾರಿ ಬಿದ್ದರೆ ಮೂಲೆ ಸಿಡಿಯುತ್ತದೆ, ಚಿಲಕದ ಕಿವಿ ಮುರಿಯುತ್ತದೆ. ಪಾಲಿಎಥಿಲೀನ್ ಆ ಚಳಿಯಲ್ಲೂ ಬಾಗುತ್ತದೆ.

ಚಿಲಕ ದೊಡ್ಡದಿರಲಿ, ದಪ್ಪ ಗ್ಲೌಸ್ ಹಾಕಿಕೊಂಡೇ ತೆಗೆಯುವ ಹಾಗಿರಲಿ. ಜಿಪ್ ಇರುವುದಾದರೆ ಹಲ್ಲು ಒರಟಾಗಿರಬೇಕು. ಸೀಸನ್ ಶುರುವಿನಲ್ಲಿ ಒಣಗಿದ ಜಿಪ್‌ಗೆ ಮೇಣದ ಬತ್ತಿ ಉಜ್ಜಿ. ಸಣ್ಣ ಹಲ್ಲಿನ ಜಿಪ್‌ನಲ್ಲಿ ನೀರು ಹೆಪ್ಪುಗಟ್ಟಿದರೆ ಎಳೆದವರ ಕೈಗೆ ಜಿಪ್ ಎಳೆಯುವ ತುಂಡು ಕಿತ್ತು ಬರುತ್ತದೆ ಅಷ್ಟೇ.

ಫೋಮ್ ಬಗ್ಗೆ ಯಾರೂ ಕೇಳುವುದಿಲ್ಲ, ಕೇಳಬೇಕು. ಸ್ಪಂಜಿನ ಹಾಗೆ ನೀರು ಹೀರುವ ಫೋಮ್ ಬೇಡ. ಒಂದು ಚೂರನ್ನು ನೀರಲ್ಲಿ ಹಿಂಡಿ ಬಿಡಿ: ಉಬ್ಬಿ ಭಾರವಾದರೆ ಅದು ಒದ್ದೆಯನ್ನು ರೀಲಿನ ಪಕ್ಕದಲ್ಲೇ ವಾರಗಟ್ಟಲೆ ಇಟ್ಟುಕೊಳ್ಳುತ್ತದೆ. ಕೊಕ್ಕೆಗೆ ತುಕ್ಕು, ಕಾರ್ಕ್ ಹಿಡಿಗೆ ಬೂಷ್ಟು. ಇವಿಎ ಫೋಮ್ ಹೀರುವುದಿಲ್ಲ.

ಬ್ಲೂಗಿಲ್_ಬೆಳಗ್ಗೆ:
ಗಟ್ಟಿ ಕೇಸ್ ಸ್ಲೆಡ್ ಇರುವವರಿಗೆ ಸರಿ. ಐಸ್ 4 ಇಂಚು ಆದ ಕೂಡಲೇ ನಡೆದುಕೊಂಡು ಹೋಗುವ ದಿನಗಳಲ್ಲಿ ಭುಜಕ್ಕೆ ಹಾಕುವ ಬ್ಯಾಗೇ ಅನುಕೂಲ. ಉದ್ದಕ್ಕೂ ಗಟ್ಟಿ ಹಲಗೆ ಹೊಲಿದಿರುವ ಮೆತ್ತನೆ ಬ್ಯಾಗ್ ಸಿಗುತ್ತದೆ, ಅದನ್ನು ಹುಡುಕಿ. ಎರಡೂ ತುದಿ ಹಿಡಿದು ಬಗ್ಗಿಸಿದಾಗ ಬ್ಯಾಗ್ ಬಗ್ಗಿದರೆ ಒಳಗಿನ ರಾಡೂ ಬಗ್ಗುತ್ತದೆ.

ಕೇಸ್ ಎಷ್ಟೇ ಒಳ್ಳೆಯದಿರಲಿ, ಒಳಗೆ ಇಡುವ ರೀತಿ ತಪ್ಪಿದರೆ ತುದಿ ಉಳಿಯಲ್ಲ. ಜಿಗ್‌ನ (ತಲೆಗೆ ಲೋಹದ ಗುಂಡಿರುವ ಗಾಳ) ಕೊಕ್ಕೆಯನ್ನು ಬಳೆಗೆ ಸಿಕ್ಕಿಸಿ ರೀಲ್ ಬಿಗಿ ಮಾಡುವುದು ಎಲ್ಲರ ಅಭ್ಯಾಸ. ಅದರಿಂದ ಮೂರು ಕೆಡುಕು. ತುದಿ ದಾರಿಯುದ್ದಕ್ಕೂ ಬಿಲ್ಲಿನಂತೆ ಬಾಗಿರುತ್ತದೆ. ಬಳೆಯೊಳಗಿನ ಸೆರಾಮಿಕ್ ಉಂಗುರಕ್ಕೆ ಕೊಕ್ಕೆ ಗೀರು ಹಾಕುತ್ತದೆ, ಆಮೇಲೆ ಆ ಗೀರು ಲೈನನ್ನು ತರಿಯುತ್ತದೆ. ಮೂರನೆಯದೇ ಘೋರ: ಟಂಗ್‌ಸ್ಟನ್ ಜಿಗ್ ಸಾಸಿವೆಗಿಂತ ಸ್ವಲ್ಪ ದೊಡ್ಡದಿದ್ದರೂ ಸೀಸಕ್ಕಿಂತ ಭಾರ. ಅದು ಟಕ್ ಟಕ್ ಅಂತ ಕಾರ್ಬನ್ ಕಡ್ಡಿಗೆ ಬಡಿಯುತ್ತಲೇ ಇರುತ್ತದೆ. ಕಣ್ಣಿಗೆ ಕಾಣದ ಬಿರುಕು ಅಲ್ಲಿ ಬೀಳುತ್ತದೆ. ಮುರಿಯುವುದು ಮಾತ್ರ ಎರಡು ವಾರದ ನಂತರ, ಮೀನು ಎಳೆದಾಗ, ದೂರು ಮೀನಿನ ಮೇಲೆ.

ಜಿಗ್ ಬಿಚ್ಚಿ ಡಬ್ಬಿಗೆ ಹಾಕಿ. ಬಿಚ್ಚಲು ಮನಸ್ಸಿಲ್ಲದಿದ್ದರೆ ಹಿಡಿಯ ಬಳಿ ವೆಲ್ಕ್ರೋ ಪಟ್ಟಿ ಸುತ್ತಿ ಅದರೊಳಗೆ ಕೊಕ್ಕೆ ಸಿಕ್ಕಿಸಿ, ಲೈನ್ ಸಡಿಲ ಬಿಡಿ. ಬೆರಳಿನಿಂದ ಮುಟ್ಟಿದರೆ ಲೈನ್ ಅರ್ಧ ಇಂಚು ಆಡಬೇಕು.

ಸೇಂಟ್‌ಪಾಲ್_ಗಾಳ:
ತುಂಬಾ ಉಪಕಾರ. ವೆಲ್ಕ್ರೋ ಇವತ್ತೇ ಸುತ್ತುತ್ತೇನೆ. 4 ಇಂಚಿನ ಪಿವಿಸಿ ಪೈಪ್ ಕತ್ತರಿಸಿ ಕೇಸ್ ಮಾಡಿಕೊಂಡರೆ ಹೇಗೆ? ದಾರಿಯಲ್ಲಿ ಎರಡು ಕೆರೆ ನೋಡುವಾಗ ಕೇಸ್ ಕಾರಿನೊಳಗೆ ಬೆಚ್ಚಗಿರಬೇಕಾ?

ಮಿಲ್‌ಲ್ಯಾಕ್ಸ್_ಉತ್ತರ:
ಆ ಪೈಪಿಗೆ ರೀಲ್ ಸಮೇತ ರಾಡ್ ಇಳಿಯುವುದು ಕಷ್ಟ. ಎಷ್ಟೋ ಐಸ್ ರಾಡುಗಳಿಗೆ ರೀಲ್ ಸೀಟೇ ಇರುವುದಿಲ್ಲ, ಕಾರ್ಕ್ ಮೇಲೆ ಟೇಪ್ ಸುತ್ತಿ ಕೂರಿಸಿರುತ್ತಾರೆ. ಪ್ರತಿ ಸಲ ಬಿಚ್ಚಿ ಸುತ್ತುವುದು, ಅದೂ ಚಳಿಯಲ್ಲಿ ಟೇಪ್ ಅಂಟದಿರುವಾಗ, ಆಗದ ಮಾತು. ಪಿವಿಸಿಯೂ ಚಳಿಗೆ ಪೆಡಸಾಗುತ್ತದೆ. ರೀಲ್ ಇಲ್ಲದ ಒಂದೆರಡು ಹೆಚ್ಚುವರಿ ರಾಡಿಗೆ ಮಾತ್ರ ಪೈಪ್.

ಡುಲುತ್_ಚಳಿ:
ಎರಡು ಕೆರೆ ನಡುವೆ ಬೆಚ್ಚಗಿಡಬೇಡಿ. ಹಿಮ ಕರಗಿ ರೀಲಿನೊಳಗೆ ಇಳಿಯುತ್ತದೆ, ಮುಂದಿನ ಕೆರೆಯಲ್ಲಿ ಮತ್ತೆ ಹೆಪ್ಪುಗಟ್ಟಿ ರೀಲಿನ ಬೇಲ್ (ಲೈನ್ ಸುತ್ತುವ ತಂತಿ ಕಮಾನು) ಮತ್ತು ಅದರ ಲೈನ್ ರೋಲರ್ ಹಿಡಿದುಕೊಳ್ಳುತ್ತವೆ. ಹಿಮ ಕೊಡವಿ, ತಣ್ಣಗೇ ಡಿಕ್ಕಿಯಲ್ಲಿಡಿ. ಬಳೆಯಲ್ಲಿ ಐಸ್ ಕಟ್ಟಿದ್ದರೆ ಉಗುರಲ್ಲಿ ಚಿಮ್ಮಬೇಡಿ, ತುದಿಯನ್ನು ರಂಧ್ರದ ನೀರಲ್ಲಿ ಅದ್ದಿ ಹಿಡಿಯಿರಿ, ಬಿಟ್ಟುಕೊಳ್ಳುತ್ತದೆ.

ಸ್ಲೆಡ್‌ನಲ್ಲಿ ಐಸ್ ಕೊರೆಯುವ ಆಗರ್‌ನ ಬ್ಲೇಡಿಗೆ ಕವಚ ಹಾಕಿ ಅದು, ಹೀಟರ್, ಗ್ಯಾಸ್ ಎಲ್ಲ ಕೆಳಗೆ. ಕೇಸ್ ಎಲ್ಲಕ್ಕಿಂತ ಮೇಲೆ, ಎರಡು ಕಡೆ ಪಟ್ಟಿ ಬಿಗಿದು. ರಾಡಿನ ತುದಿಗಳಿರುವ ಕಡೆ ಹೊರಗೆ ಕೆಂಪು ಟೇಪ್ ಅಂಟಿಸಿ, ಜೊತೆಗೆ ಬಂದವರು ಆ ಕಡೆ ಬಕೆಟ್ ಇಡುವುದಿಲ್ಲ.

ಮನೆಗೆ ಬಂದ ರಾತ್ರಿ ಕೇಸ್ ಪೂರ್ತಿ ತೆರೆದು ಹಾಗೇ ಬಿಡಿ, ಬೆಳಗ್ಗೆ ಮುಚ್ಚಿ. ಮಾರ್ಚ್ ಮುಗಿದು ಒಳಗಿಡುವಾಗ ರೀಲಿನ ಡ್ರ್ಯಾಗ್ (ಲೈನ್ ಬಿಗಿತದ ಬ್ರೇಕ್) ಸಡಿಲಿಸಿ.